ಶಾರ್ಟ್‌ವೇವ್ ಕಿಟ್ ಜೋಡಿಸುವವರ ಪ್ರಶ್ನೆಗಳು

ಈ ಸಂಚಿಕೆಯ ಅಂಕಣ ಪೂರ್ತಿ ಒಂದೇ ವಿಷಯಕ್ಕೆ: ಕಿಟ್ ತರಿಸಿಕೊಂಡು ಮನೆಯಲ್ಲೇ ಜೋಡಿಸುವ ಸರಳ ಶಾರ್ಟ್‌ವೇವ್ ರೇಡಿಯೊ. ಪತ್ರಗಳೆಲ್ಲ ಉತ್ತರ ಕನ್ನಡದವು, ಘಟ್ಟದ ಕೆಳಗಿನವೂ ಇವೆ, ಮೇಲಿನವೂ ಇವೆ. ತರಿಸಿದ ಕಿಟ್ ಬೇರೆ ಬೇರೆಯಾದರೂ ಒಳಗಿನ ಸರ್ಕಿಟ್ ಹೆಚ್ಚುಕಡಿಮೆ ಒಂದೇ. ಏರಿಯಲ್‌ನಿಂದ ಬಂದ ಸಿಗ್ನಲ್ 1 ಕಿಲೋಓಮ್ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ದಾಟಿ ಒಂದು ಬಿಸಿ547 ಟ್ರಾನ್ಸಿಸ್ಟರಿಗೆ, ಅಲ್ಲಿಂದ ಕಾಯಿಲ್‌ಗೆ ಹೋಗುತ್ತದೆ. ಕಾಯಿಲ್ ಮತ್ತು ಗ್ಯಾಂಗ್ (ತಿರುಗಿಸುವ ಕಂಡೆನ್ಸರ್) ಸೇರಿ ಸ್ಟೇಷನ್ ಆರಿಸುತ್ತವೆ. ಬಿಎಫ್‌ಡಬ್ಲ್ಯು10 ಅಥವಾ ಜೆ310 ಎಂಬ ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಡಿಟೆಕ್ಟರ್ ಆಗಿ, ಎಂದರೆ ಸಿಗ್ನಲಿನಿಂದ ದನಿ ಬೇರ್ಪಡಿಸುವ ಭಾಗವಾಗಿ, ಕೆಲಸ ಮಾಡುತ್ತದೆ. ಕೊನೆಗೆ ಎಲ್‌ಎಂ386 ಐಸಿ ಇಯರ್‌ಫೋನಿಗೆ ಬೇಕಾದ ದನಿ ಕೊಡುತ್ತದೆ.

ಜೆಫೆಟ್ ಹಿಗ್ಗಿಸಿದ ಸಿಗ್ನಲಿನ ಒಂದಂಶವನ್ನು ಟಿಕ್ಲರ್ ಎಂಬ ಕೆಲವೇ ಸುತ್ತಿನ ಸುರುಳಿಯ ಮೂಲಕ ಮತ್ತೆ ಅದೇ ಕಾಯಿಲ್‌ಗೆ ಮರಳಿಸುವುದಕ್ಕೆ ರೀಜನರೇಶನ್ ಎನ್ನುತ್ತಾರೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1914ರಲ್ಲಿ. ಮರಳಿಸುವ ಪ್ರಮಾಣ (ಅದನ್ನು ಹೊಂದಿಸುವುದು ರೀಜನರೇಶನ್ ಪಾಟ್) ಏರಿದಷ್ಟೂ ಸಿಗ್ನಲ್ ಬಲಗೊಳ್ಳುತ್ತದೆ, ಅಕ್ಕಪಕ್ಕದ ಸ್ಟೇಷನ್‌ಗಳು ಬೇರ್ಪಡುತ್ತವೆ. ಒಂದು ಗಡಿ ದಾಟಿದರೆ ಜೆಫೆಟ್ ತಾನೇ ಆಂದೋಲನ ಶುರುಮಾಡುತ್ತದೆ, ಎಂದರೆ ಸ್ವಂತ ಸಿಗ್ನಲ್ ಹುಟ್ಟಿಸುತ್ತದೆ. ಆ ಗಡಿಯನ್ನು ನಯವಾಗಿ ಹತ್ತಿ ಇಳಿಯುವಂತೆ ಮಾಡಿದರೆ ಸೆಟ್ ಗೆದ್ದಂತೆ. ಕೆಳಗಿನ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಈ ಗಡಿಯಲ್ಲೇ ಇದೆ.

ಕಿಟ್ಟಿನಲ್ಲಿ ಕೆಂಪು ಬಣ್ಣದ ಉಂಗುರದಂಥ ಕೋರ್ ಇದೆ. ಅದಕ್ಕೆ 28, 5 ಮತ್ತು 3 ಸುತ್ತು ಹಾಕಬೇಕಂತೆ. ಸುತ್ತು ಎಣಿಸುವುದು ಹೇಗೆ? ತಂತಿ ಎಷ್ಟು ಉದ್ದ ಬೇಕು?
*– ಓದುಗರು, ಅಂಕೋಲಾ*

ಅದು ಟಿ50-2 ಟೊರಾಯ್ಡ್. ತಂತಿ ಉಂಗುರದ ತೂತಿನೊಳಗೆ ಒಮ್ಮೆ ಹಾದರೆ ಒಂದು ಸುತ್ತು ಎಂದೇ ಲೆಕ್ಕ. ಹೊರಗಿನಿಂದ ಪೂರ್ತಿ ಬಳಸಿ ಬರಲೇಬೇಕೆಂದಿಲ್ಲ. ಹೊರಗಡೆ ಎಣಿಸುತ್ತ ಹೋದವರ ಲೆಕ್ಕ ಒಂದು ಸುತ್ತು ತಪ್ಪುವುದು ಮಾಮೂಲು. ಎಲ್ಲ ಸುತ್ತಿದ ಮೇಲೆ ಒಳಗಡೆ ಕಾಣುವ ಎಳೆಗಳನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಎಣಿಸಿ ನೋಡಿ.

ಮುಖ್ಯ ಸುರುಳಿಗೆ 26 ಗೇಜಿನ ಎನಾಮಲ್ ತಂತಿ 60 ಸೆಂಟಿಮೀಟರ್ ಸಾಕು. 28 ಸುತ್ತಿಗೆ ಸುಮಾರು 3.8 ಮೈಕ್ರೋಹೆನ್ರಿ ಬರುತ್ತದೆ. 140 ಪಿಎಫ್ (ಪೈಕೋಫ್ಯಾರಡ್) ಗ್ಯಾಂಗ್, ಅದಕ್ಕೆ ಸಮಾಂತರವಾಗಿ 47 ಪಿಎಫ್ ಕಂಡೆನ್ಸರ್ ಇದ್ದರೆ ಸುಮಾರು 5.7ರಿಂದ 9.9 ಮೆಗಾಹರ್ಟ್ಸ್‌ವರೆಗೆ ಸಿಗುತ್ತದೆ. 49, 41, 31 ಮೀಟರ್ ಬ್ಯಾಂಡ್‌ಗಳು ಮೂರೂ ಅದರೊಳಗೆ ಬಂದವು. ಸುತ್ತುಗಳನ್ನು ಉಂಗುರದ ಮುಕ್ಕಾಲು ಭಾಗಕ್ಕೂ ಹೆಚ್ಚು ಹರಡಿ, ಎರಡು ತುದಿಗಳ ನಡುವೆ ಸ್ವಲ್ಪ ಜಾಗ ಬಿಡಿ. ಟಿಕ್ಲರಿನ 5 ಸುತ್ತು, ಬಿಸಿ547ರಿಂದ ಬರುವ 3 ಸುತ್ತು, ಎರಡೂ ಮುಖ್ಯ ಸುರುಳಿಯ ಅರ್ಥ್ ತುದಿಯ ಕಡೆಗೇ ಬರಲಿ. ಬಿಸಿ ತುದಿಗೆ, ಎಂದರೆ ಗ್ಯಾಂಗ್ ಮತ್ತು ಜೆಫೆಟ್ಟಿನ ಗೇಟ್ ಕಾಲಿನ ಕಡೆಗೆ ಹತ್ತಿರ ಸುತ್ತಿದರೆ ಅನವಶ್ಯಕ ಕೆಪಾಸಿಟಿ ಸೇರಿಕೊಂಡು ರೀಜನರೇಶನ್ ಒರಟಾಗುತ್ತದೆ. ಮೂರಕ್ಕೂ ಬೇರೆ ಬೇರೆ ಬಣ್ಣದ ತಂತಿ ಸಿಕ್ಕರೆ ತುದಿ ಗುರುತಿಸುವುದು ಸುಲಭ.

ಇನ್ನು ಎನಾಮಲ್. ಹೊಳೆಯುವ ತಾಮ್ರದ ಮೇಲೆ ಬೆಸುಗೆ ಕೂತಂತೆ ಕಾಣುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ತುದಿಯ ಒಂದು ಸೆಂಟಿಮೀಟರನ್ನು ನಯವಾದ ಮರಳು ಕಾಗದ ಮಡಚಿ ಹಿಡಿದು, ತಂತಿ ತಿರುಗಿಸುತ್ತ ಎಳೆಯಿರಿ. ಕೆಂಪು ಛಾಯೆ ಹೋಗಿ ಗುಲಾಬಿ ತಾಮ್ರ ಸುತ್ತಲೂ ಕಾಣಬೇಕು. ಆಮೇಲೆ ತುದಿಗೆ ಬೆಸುಗೆ ಬಳಿದು ನೋಡಿ: ಅದು ತಂತಿಯನ್ನು ಎಲ್ಲ ಕಡೆಯಿಂದ ಹಿಡಿದುಕೊಂಡರೆ ಸರಿ, ಒಂದು ಬದಿಯಲ್ಲಿ ಗುಂಡಾಗಿ ನಿಂತರೆ ಮತ್ತೆ ಕೆರೆಯಿರಿ. ಬೋರ್ಡಿಗೆ ಹಾಕುವ ಮುಂಚೆ ಪ್ರತಿ ಸುರುಳಿಯ ಎರಡು ತುದಿಗೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬರಬೇಕು. ಒಂದು ಸುರುಳಿಗೂ ಇನ್ನೊಂದಕ್ಕೂ ನಡುವೆ ಬರಕೂಡದು.

ಕೆಂಪು ಕೋರ್ ಕಳೆದುಹೋಯಿತು. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಹಳದಿ-ಬಿಳಿ ಬಣ್ಣದ್ದೊಂದು ಸಿಕ್ಕಿದೆ. ನಡೆಯುತ್ತದೆಯೇ?
*– ಓದುಗರು, ಸಿದ್ದಾಪುರ*

ನಡೆಯುವುದಿಲ್ಲ. ಹಳದಿ ಉಂಗುರಕ್ಕೆ ಒಂದು ಮುಖ ಬಿಳಿ ಇದ್ದರೆ ಅದು 26ನೇ ಮಿಶ್ರಣ, ಪವರ್ ಸಪ್ಲೈಯ ಚೋಕಿಗೆಂದೇ ಮಾಡಿದ್ದು. ಶಾರ್ಟ್‌ವೇವ್‌ನಲ್ಲಿ ಅದು ಶಕ್ತಿಯನ್ನೆಲ್ಲ ತಾನೇ ನುಂಗುತ್ತದೆ, ಆಂದೋಲನ ಹುಟ್ಟುವುದೇ ಇಲ್ಲ. ಪೂರ್ತಿ ಹಳದಿ ಇರುವ ಟಿ50-6 ಸಿಕ್ಕರೆ ಬಳಸಬಹುದು, ಆಗ 28ರ ಬದಲು 31 ಸುತ್ತು ಹಾಕಿ.

ಎರಡೂ ಸಿಗದಿದ್ದರೆ ವೈರಿಂಗ್‌ಗೆ ಬಳಸುವ 25 ಮಿಲಿಮೀಟರ್ ಪಿವಿಸಿ ಪೈಪಿನ ತುಂಡೇ ಸಾಕು. 22 ಗೇಜಿನ ತಂತಿ 11 ಸುತ್ತು, ಒತ್ತೊತ್ತಾಗಿ. ಅದೇ 3.8 ಮೈಕ್ರೋಹೆನ್ರಿ ಬರುತ್ತದೆ. ಟಿಕ್ಲರಿಗೆ ಅರ್ಥ್ ತುದಿಯಿಂದ 3 ಮಿಲಿಮೀಟರ್ ಬಿಟ್ಟು 3 ಸುತ್ತು, ಅದರಾಚೆ ಬಿಸಿ547ರ ಸುರುಳಿಗೆ 2 ಸುತ್ತು. ಪೈಪಿನ ಕಾಯಿಲ್ ಸುತ್ತಲಿನ ಕ್ಷೇತ್ರ ಟೊರಾಯ್ಡಿನಂತೆ ಒಳಗೇ ಉಳಿಯುವುದಿಲ್ಲವಾದ್ದರಿಂದ ಲೋಹದ ಡಬ್ಬಿಯ ಗೋಡೆಯಿಂದ ಕನಿಷ್ಠ 25 ಮಿಲಿಮೀಟರ್ ದೂರ ಇಡಿ. ಗುಣಮಟ್ಟದಲ್ಲಿ ಇದು ಟೊರಾಯ್ಡಿಗೆ ಸೋಲುವಂಥದ್ದಲ್ಲ. ಹೊಸಬರು ಟಿಕ್ಲರ್ ಸುತ್ತು ಕೂಡಿಸಿ ಕಳೆದು ಕಲಿಯಲು ನಿಜಕ್ಕೂ ಇದೇ ಒಳ್ಳೆಯದು.

ಎಲ್ಲ ಬೆಸುಗೆ ಹಾಕಿ ಮುಗಿಸಿದೆ. ಇಯರ್‌ಫೋನಿನಲ್ಲಿ ಸಣ್ಣ ಗುಂಯ್ ಬಿಟ್ಟರೆ ಏನೂ ಇಲ್ಲ. ರೀಜನರೇಶನ್ ಪಾಟ್ ಪೂರ್ತಿ ತಿರುಗಿಸಿದರೂ ಬದಲಾವಣೆ ಇಲ್ಲ. ಎಲ್ಲಿಂದ ಹುಡುಕಲಿ?
*– ಕಾಲೇಜು ವಿದ್ಯಾರ್ಥಿ, ಕುಮಟಾ*

ಹಿಂದಿನಿಂದ ಮುಂದಕ್ಕೆ ಹುಡುಕಿ: ಮೊದಲು ಇಯರ್‌ಫೋನ್, ಕೊನೆಗೆ ಏರಿಯಲ್.

ಮೊಬೈಲಿನ ಇಯರ್‌ಫೋನ್ ಪಿನ್ನಿಗೆ ಮೈಕ್ ಸೇರಿ ನಾಲ್ಕು ಪಟ್ಟಿ ಇರುತ್ತವೆ. ಹಳೆಯ ಮಾದರಿಯ ಸಾಕೆಟ್ಟಿನಲ್ಲಿ ಅರ್ಥ್ ಸರಿಯಾಗಿ ಮುಟ್ಟದೆ ಹೋಗಬಹುದು. ಮೈಕ್ ಇಲ್ಲದ, ಮೂರು ಪಟ್ಟಿಯ 32 ಓಮ್ ಇಯರ್‌ಫೋನ್ ಹಾಕಿ ನೋಡಿ. ಕಿಟ್ಟಿನ ಸಾಕೆಟ್ ಮೋನೋ ಆಗಿದ್ದರೆ ಒಂದೇ ಕಿವಿಗೆ ಕೇಳುತ್ತದೆ. ಸ್ಟೀರಿಯೊ ಸಾಕೆಟ್ ಹಾಕಿ ಎಡ-ಬಲದ ಎರಡೂ ಕಾಲುಗಳನ್ನು ಸೇರಿಸಿಬಿಡಿ.

ಈಗ ಎಲ್‌ಎಂ386. ಮೀಟರಿನ ಕಪ್ಪು ತಂತಿ ಅರ್ಥ್‌ಗೆ, ಕೆಂಪು ತಂತಿ ಐಸಿಯ 6ನೇ ಕಾಲಿಗೆ: ಬ್ಯಾಟರಿಯಷ್ಟೇ, ಎಂದರೆ 9 ವೋಲ್ಟ್. 5ನೇ ಕಾಲಿಗೆ: ಅದರರ್ಧ, 4.5ರ ಆಸುಪಾಸು. ಅರ್ಧ ಬರದೆ ಸೊನ್ನೆಯೋ 9ವೋ ತೋರಿಸಿದರೆ ಐಸಿ ತಿರುಗುಮುರುಗಾಗಿದೆ ಅಥವಾ ಸುಟ್ಟಿದೆ. ವೋಲ್ಟೇಜ್ ಸರಿಯಿದ್ದರೆ ವಾಲ್ಯೂಮ್ ಅರ್ಧಕ್ಕಿಟ್ಟು, ವಾಲ್ಯೂಮ್ ಪಾಟಿನ ನಡುವಿನ ಕಾಲನ್ನು ಸ್ಕ್ರೂಡ್ರೈವರಿನ ತುದಿಯಿಂದ ಮುಟ್ಟಿ, ಲೋಹದ ಭಾಗ ಬೆರಳಿಗೆ ತಾಗಿರಲಿ. ಜೋರಾದ ಗುರ್ರ್ ಸದ್ದು ಬಂದರೆ ಆಡಿಯೊ ಭಾಗಕ್ಕೆ ತೊಂದರೆಯಿಲ್ಲ. ಸೆಟ್ ಬ್ಯಾಟರಿಯ ಮೇಲಿದ್ದಾಗ ಮಾತ್ರ ಈ ಪರೀಕ್ಷೆ. ನಿಮ್ಮ ಪತ್ರದ ಪ್ರಕಾರ ಗುಂಯ್ ಇದೆಯಾದ್ದರಿಂದ ಇಲ್ಲಿಯವರೆಗೆ ಸರಿಯಿರುವ ಸಾಧ್ಯತೆಯೇ ಹೆಚ್ಚು.

ಮುಂದೆ ಡಿಟೆಕ್ಟರ್. ಏರಿಯಲ್ ಬಿಚ್ಚಿಡಿ. ರೀಜನರೇಶನ್ ಪಾಟನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಸರಿಯಿರುವ ಸೆಟ್ಟಿನಲ್ಲಿ ಎಲ್ಲೋ ಒಂದು ಕಡೆ ಮೆಲ್ಲಗೆ ‘ಪುಸ್’ ಎಂದು, ಅಲ್ಲಿಂದ ಮುಂದೆ ಹಿನ್ನೆಲೆಯ ಸುಯ್‌ಗುಟ್ಟುವಿಕೆ ಏರುತ್ತದೆ. ಆಂದೋಲನ ಶುರುವಾದ ಗುರುತು ಅದು. ಬರದಿದ್ದರೆ ಟಿಕ್ಲರಿನ ಎರಡು ತುದಿಗಳನ್ನು ಅದಲು ಬದಲು ಮಾಡಿ. ಟಿಕ್ಲರ್ ಉಲ್ಟಾ ಇದ್ದರೆ ಮರಳುವ ಸಿಗ್ನಲ್ ಮೂಲ ಸಿಗ್ನಲನ್ನು ಬೆಳೆಸುವ ಬದಲು ಕಡಿಯುತ್ತದೆ. ಬದಲಾವಣೆಯೇ ಇಲ್ಲ ಎಂಬ ದೂರಿಗೆ ಮೊದಲ ಕಾರಣ ಇದು, ಎರಡನೆಯದು ಮೇಲೆ ಹೇಳಿದ ಎನಾಮಲ್.

ಆಮೇಲೂ ಮೌನವೇ ಇದ್ದರೆ ಜೆಫೆಟ್ಟಿನ ಕಾಲುಗಳನ್ನು ನೋಡಿ. ಬಿಎಫ್‌ಡಬ್ಲ್ಯು10 ಲೋಹದ ಟೋಪಿಯದು, ನಾಲ್ಕು ಕಾಲು. ನಾಲ್ಕನೆಯದು ಟೋಪಿಗೆ ಸೇರಿದ್ದು, ಅರ್ಥ್‌ಗೆ ಹೋಗಬೇಕು. ಜೆ310 ಪ್ಲಾಸ್ಟಿಕ್ಕಿನದು, ಮೂರೇ ಕಾಲು, ಕ್ರಮವೂ ಬೇರೆ. ಒಂದಕ್ಕೆಂದು ಮಾಡಿದ ಬೋರ್ಡಿನಲ್ಲಿ ಇನ್ನೊಂದನ್ನು ಸುಮ್ಮನೆ ತೂರಿಸಿದರೆ ಆಗದು. ಡೇಟಾಶೀಟ್ ಎದುರಿಗಿಟ್ಟುಕೊಂಡು ಕಾಲು ಬಗ್ಗಿಸಿ ಹಾಕಿ. ಪಾಟ್ ಪೂರ್ತಿ ಏರಿಸಿದಾಗ ಜೆಫೆಟ್ಟಿನ ಡ್ರೇನ್ ಎಂಬ ಕಾಲಿನಲ್ಲಿ ಕೆಲವು ವೋಲ್ಟ್ ಇರಲೇಬೇಕು. ಸೊನ್ನೆ ಇದ್ದರೆ ಟಿಕ್ಲರ್ ಅಥವಾ ಅದರ ಹಿಂದಿನ ರೆಸಿಸ್ಟರ್ ಎಲ್ಲೋ ಕಡಿದಿದೆ.

ಕೊನೆಗೆ ಗ್ಯಾಂಗ್. ಪಿವಿಸಿ ಗ್ಯಾಂಗಿನ ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಕಾವು ಕೊಟ್ಟರೆ ಒಳಗಿನ ಪ್ಲಾಸ್ಟಿಕ್ ಹಾಳೆ ಕರಗಿ ಎಲೆಗಳು ಒಂದಕ್ಕೊಂದು ಅಂಟುತ್ತವೆ. ಕಾಯಿಲ್ ಜೊತೆ ಸೇರಿರುವಾಗ ಮೀಟರ್ ಯಾವಾಗಲೂ ಬೀಪ್ ಎನ್ನುತ್ತದೆ, ಆದ್ದರಿಂದ ಒಂದು ಕಾಲು ಬಿಡಿಸಿ, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಲ್ಲಿಯೂ ಬೀಪ್ ಬರಕೂಡದು. 25 ವಾಟಿನ ಐರನ್, 60/40 ರೋಸಿನ್ ಬೆಸುಗೆ ತಂತಿ ಈ ಕೆಲಸಕ್ಕೆ ಸರಿ. ತಗಡು ಬೆಸೆಯುವವರ ಆಸಿಡ್ ಮಾತ್ರ ಬೋರ್ಡಿನ ಹತ್ತಿರ ತರಬೇಡಿ. ನಮ್ಮ ಕಡೆಯ ತೇವದಲ್ಲಿ ಅದು ತಾಮ್ರವನ್ನು ಒಂದೇ ಮಳೆಗಾಲದಲ್ಲಿ ತಿನ್ನುತ್ತದೆ.

ಸುಯ್ ಅನ್ನುವ ಬದಲು ಸೀಟಿ ಊದಿದ ಹಾಗೆ ಕೂಗುತ್ತದೆ. ಪಾಟನ್ನು ಬಹಳ ಹಿಂದಕ್ಕೆ ತಂದ ಮೇಲೆಯೇ ನಿಲ್ಲುವುದು. ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಮಾತು ಬಾತುಕೋಳಿಯ ಸದ್ದಿನಂತೆ ಕೇಳುತ್ತದೆ.
*– ಓದುಗರು, ಹೊನ್ನಾವರ*

ಇಲ್ಲಿ ಎರಡು ತೊಂದರೆಗಳಿವೆ. ಆಂದೋಲನ ಒಂದು ಜಾಗದಲ್ಲಿ ಶುರುವಾಗಿ, ನಿಲ್ಲಲು ಬಹಳ ಹಿಂದಕ್ಕೆ ಹೋಗಬೇಕೆಂದರೆ ಟಿಕ್ಲರ್ ಹೆಚ್ಚಾಯಿತು. 5 ಸುತ್ತನ್ನು 4ಕ್ಕೆ ಇಳಿಸಿ, ಸಾಲದಿದ್ದರೆ 3ಕ್ಕೆ. ಗ್ಯಾಂಗ್ ಪೂರ್ತಿ ಮುಚ್ಚಿದಾಗ, ಎಂದರೆ 5.7 ಮೆಗಾಹರ್ಟ್ಸ್ ಕಡೆ, ಆಂದೋಲನಕ್ಕೆ ಹೆಚ್ಚು ಫೀಡ್‌ಬ್ಯಾಕ್ ಬೇಕು. ಅಲ್ಲಿ ಪಾಟ್ ಮುಕ್ಕಾಲಿಗೆ ಬಂದಾಗ ಶುರುವಾದರೆ ಸುತ್ತು ಸರಿಯಾಗಿದೆ. ಕೂಗಿಗೆ ಇನ್ನೊಂದು ಕಾರಣ ಆಡಿಯೊ ಭಾಗದಿಂದ ಡಿಟೆಕ್ಟರಿಗೆ ಬ್ಯಾಟರಿ ತಂತಿಯ ಮೂಲಕವೇ ಸಿಗ್ನಲ್ ಮರಳುವುದು. ಡಿಟೆಕ್ಟರಿನ ಸಪ್ಲೈಗೆ 100 ಓಮ್ ರೆಸಿಸ್ಟರ್, ಅದರಾಚೆ ಅರ್ಥ್‌ಗೆ 100 ಮೈಕ್ರೋಫ್ಯಾರಡ್ ಹಾಕಿ. ಎಲ್‌ಎಂ386ರ 6ನೇ ಕಾಲಿನ ಬುಡದಲ್ಲೇ ಇನ್ನೊಂದು 100 ಮೈಕ್ರೋಫ್ಯಾರಡ್. 5ನೇ ಕಾಲಿನಿಂದ ಅರ್ಥ್‌ಗೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸರಣಿಯಲ್ಲಿ ಇರಲೇಬೇಕು, ಕೆಲವು ಕಿಟ್‌ಗಳಲ್ಲಿ ಖರ್ಚು ಉಳಿಸಲು ಇದನ್ನು ಬಿಟ್ಟಿರುತ್ತಾರೆ. ಬ್ಯಾಟರಿ ಇಳಿದಾಗಲೂ ಇದೇ ಕೂಗು ಬರುತ್ತದೆ. ಸಣ್ಣ 9 ವೋಲ್ಟ್ ಬ್ಯಾಟರಿಯ ಬದಲು ಆರು ಪೆನ್ಸಿಲ್ ಸೆಲ್ ಹಾಕಿದರೆ ತುಂಬ ದಿನ ಬಾಳುತ್ತದೆ, ಇಯರ್‌ಫೋನಿನ ಮಟ್ಟಿಗೆ ಸೆಟ್ ಎಳೆಯುವುದು 10 ಮಿಲಿಆಂಪಿನ ಆಸುಪಾಸು ಮಾತ್ರ.

ಹ್ಯಾಮ್‌ಗಳ ಮಾತಿನ ವಿಷಯ ಬೇರೆ. ಸಾಮಾನ್ಯ ಪ್ರಸಾರ ಕೇಳಲು ಗಡಿಗಿಂತ ಕೂದಲೆಳೆ ಕೆಳಗೆ ನಿಲ್ಲಬೇಕು. 7.0–7.2 ಮೆಗಾಹರ್ಟ್ಸ್‌ನ ಹ್ಯಾಮ್ ಮಾತು ಸೈಡ್‌ಬ್ಯಾಂಡ್, ಎಂದರೆ ಕ್ಯಾರಿಯರ್ ಅಲೆ ಇಲ್ಲದೆ ಕಳಿಸಿದ್ದು, ಅದಕ್ಕೆ ಗಡಿಯ ಸ್ವಲ್ಪ ಮೇಲೆ ನಿಂತು, ಅತಿ ಸೂಕ್ಷ್ಮವಾಗಿ ಟ್ಯೂನ್ ಮಾಡಬೇಕು. ನಿಮ್ಮ ಗ್ಯಾಂಗ್ ಅರ್ಧ ಸುತ್ತಿನಲ್ಲಿ 4 ಮೆಗಾಹರ್ಟ್ಸ್‌ಗೂ ಹೆಚ್ಚು ದಾಟುತ್ತದೆ, ಸರಾಸರಿ ಒಂದು ಡಿಗ್ರಿಗೆ 23 ಕಿಲೋಹರ್ಟ್ಸ್. ಸೈಡ್‌ಬ್ಯಾಂಡ್ ಮಾತು ತಿಳಿಯಾಗಬೇಕಾದರೆ ಒಂದು ಕಿಲೋಹರ್ಟ್ಸ್‌ನ ಹತ್ತನೆಯ ಒಂದಂಶದಷ್ಟಾದರೂ ಹತ್ತಿರ ಬರಬೇಕು. ಆ ಗುಂಡಿಯಿಂದ ಅದು ಸಾಧ್ಯವಿಲ್ಲ.

ಪರಿಹಾರ ಅಗ್ಗದ್ದು. ಒಂದು 1ಎನ್4007 ಡಯೋಡ್ ತನ್ನಿ. ಆನೋಡ್ ಅರ್ಥ್‌ಗೆ, ಪಟ್ಟಿಯಿರುವ ಕ್ಯಾಥೋಡ್ ತುದಿಯಿಂದ 10 ಪಿಎಫ್ ಮೂಲಕ ಕಾಯಿಲಿನ ಬಿಸಿ ತುದಿಗೆ. 9 ವೋಲ್ಟಿಗೂ ಅರ್ಥ್‌ಗೂ ನಡುವೆ 10 ಕಿಲೋಓಮ್ ಪಾಟ್ ಹಾಕಿ, ಅದರ ನಡುವಿನ ಕಾಲಿನಿಂದ 100 ಕಿಲೋಓಮ್ ರೆಸಿಸ್ಟರ್ ಮೂಲಕ ಅದೇ ಕ್ಯಾಥೋಡಿಗೆ. ವೋಲ್ಟೇಜ್ ಬದಲಾದಂತೆ ಡಯೋಡಿನ ಕೆಪಾಸಿಟಿ ಒಂದೆರಡು ಪಿಎಫ್ ಬದಲಾಗುತ್ತದೆ, ಇಡೀ ಪಾಟ್ ತಿರುಗಿಸಿದರೆ ಕೆಲವು ಹತ್ತು ಕಿಲೋಹರ್ಟ್ಸ್ ಮಾತ್ರ ಸರಿಯುತ್ತದೆ. ಗ್ಯಾಂಗಿನಿಂದ ಬ್ಯಾಂಡ್, ಈ ಪಾಟಿನಿಂದ ಮಾತು.

ಗುಂಡಿಗೆ ಕೈ ತಂದರೆ ಸ್ಟೇಷನ್ ಜಾರುತ್ತದೆ, ಕೈ ತೆಗೆದರೆ ಮತ್ತೆಲ್ಲಿಗೋ ಹೋಗುತ್ತದೆ. ರಾತ್ರಿ ಎಲ್ಲ ಕಡೆ ಒಂದೇ ಸ್ಟೇಷನ್ ಹಿನ್ನೆಲೆಯಲ್ಲಿ ಹಾಡುತ್ತಿರುತ್ತದೆ.
*– ಓದುಗರು, ಕಾರವಾರ*

ಗ್ಯಾಂಗಿನ ತಿರುಗುವ ಭಾಗ, ಎಂದರೆ ಗುಂಡಿಯ ಕಡ್ಡಿಗೆ ಸೇರಿದ ಕಾಲು, ಅರ್ಥ್‌ಗೆ ಹೋಗಿದೆಯೇ ನೋಡಿ. ಉಲ್ಟಾ ಜೋಡಿಸಿದರೆ ನಿಮ್ಮ ಕೈಯೇ ಕಂಡೆನ್ಸರಿನ ಭಾಗವಾಗುತ್ತದೆ. ಮುಂದಿನ ಫಲಕ ಪ್ಲಾಸ್ಟಿಕ್ಕಿನದಾದರೆ ತಾಮ್ರ ಮೆತ್ತಿದ ಬೋರ್ಡ್ ಅಥವಾ ಬಿಸ್ಕತ್ ಡಬ್ಬಿಯ ತಗಡು ಹಾಕಿ, ಅದನ್ನು ಅರ್ಥ್‌ಗೆ ಬೆಸೆಯಿರಿ. ಇಯರ್‌ಫೋನ್ ತಂತಿ ಮುಟ್ಟಿದರೂ ಜಾರುವುದಾದರೆ ಸಾಕೆಟ್ಟಿನ ಬಳಿ ಆ ತಂತಿಯನ್ನು ಫೆರೈಟ್ ಉಂಗುರಕ್ಕೆ ಆರೇಳು ಸುತ್ತು ಹಾಕಿ.

ಎಲ್ಲ ಕಡೆ ಹಾಡುವ ಸ್ಟೇಷನ್ ಮೀಡಿಯಂ ವೇವ್‌ನದು. ನಿಮಗೆ ಪಣಜಿಯ 1287 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ಎರಡೂ ಹತ್ತಿರದವು. ಬಲವಾದ ಸಿಗ್ನಲ್ ಬಿಸಿ547ನ್ನೇ ತುಂಬಿಬಿಡುತ್ತದೆ, ಆಮೇಲೆ ಗ್ಯಾಂಗ್ ಎಲ್ಲಿ ತಿರುಗಿಸಿದರೂ ಪ್ರಯೋಜನವಿಲ್ಲ. ಮೊದಲು ಏರಿಯಲ್ ಪಾಟ್ ಇಳಿಸಿ ನೋಡಿ. ಸಾಲದಿದ್ದರೆ ಏರಿಯಲ್ ಮತ್ತು ಸೆಟ್ಟಿನ ನಡುವೆ 1000 ಪಿಎಫ್ ಕಂಡೆನ್ಸರ್ ಎರಡನ್ನು ಸರಣಿಯಲ್ಲಿ ಹಾಕಿ, ಎರಡೂ ಸೇರುವ ಜಾಗದಿಂದ ಅರ್ಥ್‌ಗೆ ಟಿ50-2 ಮೇಲೆ 16 ಸುತ್ತಿನ ಕಾಯಿಲ್ ಕೊಡಿ. 3 ಮೆಗಾಹರ್ಟ್ಸ್‌ಗಿಂತ ಕೆಳಗಿನದು ಅಲ್ಲೇ ಅರ್ಥ್‌ಗಿಳಿಯುತ್ತದೆ, ಮೇಲಿನದು ಒಳಗೆ ಬರುತ್ತದೆ.

ಮನೆ ಸಮುದ್ರದ ದಂಡೆಯಲ್ಲಿ. ಎರಡು ತೆಂಗಿನ ಮರಗಳ ನಡುವೆ ಏರಿಯಲ್ ಕಟ್ಟಬಹುದೇ? ಅರ್ಥ್ ಬೇಕೇ?
*– ಓದುಗರು, ಗೋಕರ್ಣ*

ಕಟ್ಟಬಹುದು, ಆದರೆ ಬಿಗಿಯಾಗಿ ಅಲ್ಲ. ಗಾಳಿಗೆ ಎರಡು ಮರ ಬೇರೆ ಬೇರೆಯಾಗಿ ತೂಗಿ ತಂತಿ ಕಡಿಯುತ್ತದೆ. ಒಂದು ತುದಿ ಮರಕ್ಕೆ ಕಟ್ಟಿ, ಇನ್ನೊಂದು ತುದಿಯ ಹಗ್ಗ ಸಣ್ಣ ರಾಟೆಯ ಮೇಲೆ ಹಾದು ಕೆಳಗೆ ಮರಳು ತುಂಬಿದ ಬಾಟಲಿ ತೂಗುವಂತೆ ಮಾಡಿ. ಹಗ್ಗಕ್ಕೆ ಮೀನುಗಾರರ ನೈಲಾನ್ ಹಗ್ಗಕ್ಕಿಂತ ಒಳ್ಳೆಯದು ಬೇಕಿಲ್ಲ. ತಂತಿ 10ರಿಂದ 15 ಮೀಟರ್, ಎತ್ತರ 5–6 ಮೀಟರ್ ಸಾಕು. ಮನೆ ವೈರಿಂಗಿನ 1 ಸ್ಕ್ವೇರ್ ತಾಮ್ರದ ತಂತಿ, ಸಿಪ್ಪೆ ಸಮೇತ. ಸಿಪ್ಪೆಯ ಮೂಲಕ ರೇಡಿಯೊ ಅಲೆ ಸಲೀಸಾಗಿ ಒಳಬರುತ್ತದೆ, ಬರಿ ತಾಮ್ರವೋ ಉಪ್ಪುಗಾಳಿಗೆ ಹಸಿರುಗಟ್ಟಿ ಪುಡಿಯಾಗುತ್ತದೆ. ಇನ್ಸುಲೇಟರಿಗೆ 10 ಸೆಂಟಿಮೀಟರಿನ ಪಿವಿಸಿ ತುಂಡು, ಎರಡು ತುದಿಗೆ ತೂತು. ಮಡಲು ಬೀಳುವ ನೇರಕ್ಕೆ ತಂತಿ ಬರದಿರಲಿ. ಕೆಳಗಿಳಿಯುವ ತಂತಿ ಸೇರುವಲ್ಲಿ ಬೆಸುಗೆ ಹಾಕಿ ಮೇಲೆ ಸಿಲಿಕೋನ್ ಹಚ್ಚಿ. ಬರೀ ತಿರುಚಿದ ಜೋಡಣೆ ಅಲ್ಲಿ ಒಂದು ವರ್ಷವೂ ಉಳಿಯದು.

ತಂತಿ ಉದ್ದವಾದಷ್ಟೂ ಒಳ್ಳೆಯದೆಂಬ ನಂಬಿಕೆ ಈ ಸೆಟ್ಟಿಗೆ ಸಲ್ಲದು. ಉದ್ದ ತಂತಿ ತರುವ ಬಲವಾದ ಸಿಗ್ನಲ್ ಬಿಸಿ547ನ್ನೇ ತುಂಬಿಬಿಡುತ್ತದೆ. ಹಾಗಾದರೆ ಏರಿಯಲ್ ಪಾಟ್ ಇಳಿಸಿ.

ಅರ್ಥ್ ಇದ್ದರೆ ಒಳ್ಳೆಯದು. ಕುಮಟಾ–ಅಂಕೋಲಾ ಕಡೆಯ ಗಜನಿ ಮಣ್ಣಿನಲ್ಲಿ ಉಪ್ಪಿನಂಶವಿದ್ದು 4 ಅಡಿಯ ಜಿಐ ಪೈಪ್ ಹೊಡೆದರೆ ಸಾಕು, ತುಕ್ಕು ಮಾತ್ರ ಬೇಗ ಹಿಡಿಯುತ್ತದೆ, ಎರಡು ವರ್ಷಕ್ಕೊಮ್ಮೆ ಕ್ಲಾಂಪ್ ಬಿಚ್ಚಿ ನೋಡಿ. ಚಿರೆಕಲ್ಲಿನ ದಿಣ್ಣೆಯ ಮೇಲೆ ಮನೆಯಿದ್ದರೆ ಬೇಸಿಗೆಯಲ್ಲಿ ಅದೇ ಪೈಪ್ ನಿಷ್ಪ್ರಯೋಜಕ. ಬಚ್ಚಲ ನೀರು ಹರಿಯುವ ಕಡೆ ಹೊಡೆಯಿರಿ, ಇಲ್ಲವೇ 10 ಮೀಟರ್ ತಂತಿಯನ್ನು ನೆಲದ ಮೇಲೆ ಏರಿಯಲಿನ ಕೆಳಗೇ ಹಾಸಿ. ಗೋಡೆಯ ಮೂರು ಪಿನ್ ಪ್ಲಗ್ಗಿನ ಅರ್ಥ್ ಬಳಸಲೇಬೇಡಿ. ಮನೆಯ ಎಲ್ಲ ಗದ್ದಲ ಅದರಲ್ಲಿ ಬರುತ್ತದೆ, ಅರ್ಥಿಂಗ್ ಕೆಟ್ಟಿದ್ದರೆ ಜೀವಕ್ಕೂ ಅಪಾಯ.

ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಗುಡುಗು, ಅಕ್ಟೋಬರಿನ ಗುಡುಗು ಎರಡಕ್ಕೂ ಒಂದೇ ನಿಯಮ: ಮೋಡ ಕಟ್ಟುವ ಮೊದಲೇ ಏರಿಯಲನ್ನು ಸೆಟ್ಟಿನಿಂದ ಬಿಚ್ಚಿ, ಮನೆಯ ಹೊರಗೇ ಅರ್ಥ್ ಪೈಪಿಗೆ ಕ್ಲಿಪ್ ಹಾಕಿಬಿಡಿ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಬೇಡಿ.

ತೋಟದಲ್ಲಿ ಅಡಿಕೆ ಮರಕ್ಕೆ ಏರಿಯಲ್ ಕಟ್ಟಿಸಿದ್ದೇನೆ. ಕ್ಷಣಕ್ಕೊಮ್ಮೆ ಟಿಕ್, ಟಿಕ್ ಅಂತ ಸದ್ದು, ಹಗಲೂ ರಾತ್ರಿ.
*– ಓದುಗರು, ಶಿರಸಿ*

ಸುಮಾರು ಸೆಕೆಂಡಿಗೊಮ್ಮೆ ತಪ್ಪದೆ ಬರುವ ಟಿಕ್ ಸೋಲಾರ್ ಬೇಲಿಯದು. ಬೇಲಿಯ ಯಂತ್ರ ಪ್ರತಿ ಸೆಕೆಂಡಿಗೊಂದು ಮಿಡಿತ ಕಳಿಸುತ್ತದೆ. ಬೇಲಿ ಚೊಕ್ಕವಾಗಿದ್ದರೆ ಅದು ಅಷ್ಟು ಕೇಳುವುದಿಲ್ಲ; ಹುಲ್ಲು, ಬಳ್ಳಿ ತಾಗಿದಲ್ಲಿ ಅಥವಾ ಇನ್ಸುಲೇಟರ್ ಸೀಳಿದಲ್ಲಿ ಕಿಡಿ ಹಾರುತ್ತದೆ, ಆ ಕಿಡಿಯೇ ಟ್ರಾನ್ಸ್‌ಮಿಟರ್ ಆಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಮೀಡಿಯಂ ವೇವ್ ರೇಡಿಯೊವನ್ನು ಸ್ಟೇಷನ್ ಇಲ್ಲದ ಜಾಗಕ್ಕಿಟ್ಟು ಬೇಲಿಯುದ್ದಕ್ಕೂ ನಡೆಯಿರಿ. ಟಿಕ್ ಜೋರಾದಲ್ಲಿ ದೋಷವಿದೆ. ಸರಿಪಡಿಸಿದರೆ ಬೇಲಿಯ ಹೊಡೆತವೂ ಚುರುಕಾಗುತ್ತದೆ. ಬೇಲಿಗೆ ಸಮಾಂತರವಾಗಿ ಏರಿಯಲ್ ಓಡಿದ್ದರೆ ಅಡ್ಡಕ್ಕೆ ತಿರುಗಿಸಿ.

ನಿಮ್ಮ ಪತ್ರದಲ್ಲಿ ಕೇಳದಿದ್ದರೂ ಹೇಳಲೇಬೇಕಾದ ಮಾತು: ಏರಿಯಲ್ ಹಗ್ಗ ಮೇಲೇರಿಸಲು ದೋಟಿ ಬಳಸುವವರಿದ್ದಾರೆ. ಅಲ್ಯೂಮಿನಿಯಂ ದೋಟಿಯಂತೆಯೇ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ಲೈನ್ ಇದ್ದರೆ, ದೋಟಿಯಾಗಲಿ ಏರಿಯಲ್ ತಂತಿಯಾಗಲಿ ಯಾವ ದಿಕ್ಕಿಗೆ ಬಿದ್ದರೂ ಲೈನಿಗೆ ಎಟುಕದಷ್ಟು ದೂರ ಇರಲೇಬೇಕು. ಲೈನಿನ ಮೇಲೂ ಬೇಡ, ಕೆಳಗೂ ಬೇಡ. ಕೊನೆಗೌಡರು (ಅಡಿಕೆ ಗೊನೆ ಕೊಯ್ಯುವವರು) ಮರದಿಂದ ಮರಕ್ಕೆ ದಾಟುವ ಹೊತ್ತಿಗೆ ಅಡ್ಡ ತಂತಿ ಕಾಣದೆ ಸಿಕ್ಕಿಕೊಳ್ಳಬಹುದು. ಕೊಯ್ಲಿನ ಮೊದಲು ಇಳಿಸಿ.

ಕರಾವಳಿಯವರಿಗೆ ಇದೇ ಜಾಗದಲ್ಲಿ ಬೇರೆ ಸದ್ದು ಬರುತ್ತದೆ: ಮಳೆಗೆ ಮುಂಚಿನ ತೇವದ ರಾತ್ರಿಗಳಲ್ಲಿ ಕರಕರ ಎನ್ನುವ ಗುಂಯ್. ವಿದ್ಯುತ್ ಕಂಬದ ಇನ್ಸುಲೇಟರ್ ಮೇಲೆ ಕೂತ ಉಪ್ಪು ತೇವಗೊಂಡು ಕರೆಂಟ್ ಸೋರುವ ಸದ್ದದು. ಜೋರು ಮಳೆ ಒಮ್ಮೆ ತೊಳೆದರೆ ಕಡಿಮೆಯಾಗುತ್ತದೆ. ಮಳೆಯ ನಂತರವೂ ಒಂದೇ ಕಂಬದಿಂದ ಬರುತ್ತಿದ್ದರೆ ಇನ್ಸುಲೇಟರ್ ಸೀಳಿರಬಹುದು, ಹೆಸ್ಕಾಂಗೆ ತಿಳಿಸಿ.

ಬ್ಯಾಟರಿಯ ಬದಲು ಮೊಬೈಲ್ ಚಾರ್ಜರ್ ನಡೆಯುತ್ತದೆಯೇ?
*– ಓದುಗರು, ಭಟ್ಕಳ*

ಬೇಡ. ವೋಲ್ಟೇಜ್ ಸರಿಹೊಂದಿಸಿಕೊಂಡರೂ ಚಾರ್ಜರಿನ ಸ್ವಿಚಿಂಗ್ ಸದ್ದು ಇಡೀ ಬ್ಯಾಂಡನ್ನು ಮುಚ್ಚುತ್ತದೆ. ಸೆಟ್ ಬ್ಯಾಟರಿಯಲ್ಲಿದ್ದರೂ ಮನೆಯ ಎಲ್‌ಇಡಿ ಬಲ್ಬ್, ಇನ್ವರ್ಟರ್, ಸೋಲಾರ್ ಕಂಟ್ರೋಲರ್ ಇದೇ ಕಾಟ ಕೊಡಬಲ್ಲವು. ಒಮ್ಮೆ ಮೇನ್ ಸ್ವಿಚ್ ಆರಿಸಿ ಕೇಳಿ; ಸದ್ದು ನಿಂತರೆ ಕಾರಣ ಮನೆಯೊಳಗೇ ಇದೆ, ಒಂದೊಂದೇ ಹಾಕುತ್ತ ಹಿಡಿಯಬಹುದು.

ಸೆಟ್ ಕೆಲಸ ಮಾಡುತ್ತಿದೆ. ಎಷ್ಟು ಗಂಟೆಗೆ ಯಾವ ಬ್ಯಾಂಡ್ ಕೇಳಬೇಕು? ಡಯಲಿಗೆ ಗುರುತು ಹಾಕುವುದು ಹೇಗೆ?
*– ಶಿಕ್ಷಕರು, ಯಲ್ಲಾಪುರ*

ಹಗಲು ಹೊತ್ತು ಅಯಾನುಗೋಳದ ಕೆಳಪದರ ಕಡಿಮೆ ಫ್ರೀಕ್ವೆನ್ಸಿಗಳನ್ನು ಹೀರುತ್ತದೆ. ಆದ್ದರಿಂದ ಮಧ್ಯಾಹ್ನ ನಿಮ್ಮ ಸೆಟ್ಟಿನಲ್ಲಿ 31 ಮೀಟರ್, ಎಂದರೆ 9.4–9.9 ಮೆಗಾಹರ್ಟ್ಸ್ ಬಿಟ್ಟರೆ ಹೆಚ್ಚೇನೂ ಸಿಗದು. ಸಂಜೆ ಐದರ ನಂತರ 41 ಮೀಟರ್ (7.2–7.45) ತುಂಬಿಕೊಳ್ಳುತ್ತದೆ, ಕತ್ತಲಾದ ಮೇಲೆ 49 ಮೀಟರ್ (5.9–6.2). ಚೀನಾದ ಸ್ಟೇಷನ್‌ಗಳು ಸಂಜೆ ಬಲವಾಗಿ ಬರುತ್ತವೆ, ಮೊದಲ ಪರೀಕ್ಷೆಗೆ ಅವೇ ಅನುಕೂಲ. ವೇಳಾಪಟ್ಟಿಗಳು ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಬದಲಾಗುತ್ತವೆ. ಅವುಗಳಲ್ಲಿ ಬರೆದಿರುವುದು ಯುಟಿಸಿ ಸಮಯ, ಐದೂವರೆ ಗಂಟೆ ಕೂಡಿಸಿಕೊಳ್ಳಿ. ಸುಮಾರು 10 ಕಿಲೋಹರ್ಟ್ಸ್ ಅಗಲಕ್ಕೆ ಒಂದೇ ಸಮನೆ ಭೋರೆನ್ನುವ ಸದ್ದು ಸಿಕ್ಕರೆ ಅದು ಡಿಆರ್‌ಎಂ ಡಿಜಿಟಲ್ ಪ್ರಸಾರ, ನಿಮ್ಮ ಸೆಟ್ಟಿನ ದೋಷವಲ್ಲ.

ಗುರುತು ಹಾಕಲು ಡಿಜಿಟಲ್ ಡಯಲಿನ ಶಾರ್ಟ್‌ವೇವ್ ರೇಡಿಯೊ ಒಂದನ್ನು ಎರವಲು ತಂದು ಪಕ್ಕದಲ್ಲಿಡಿ. ಅದನ್ನು ಸ್ಟೇಷನ್ ಇಲ್ಲದ 7.200ಕ್ಕೆ ಇಟ್ಟು, ನಿಮ್ಮ ಸೆಟ್ಟನ್ನು ಆಂದೋಲನದ ಗಡಿ ದಾಟಿಸಿ, ಗ್ಯಾಂಗ್ ನಿಧಾನ ತಿರುಗಿಸಿ. ನಿಮ್ಮ ಸೆಟ್ 7.200ಕ್ಕೆ ಬಂದ ಕ್ಷಣ ಆ ರೇಡಿಯೊದ ಸುಯ್ ಸದ್ದು ದಿಢೀರನೆ ತಗ್ಗುತ್ತದೆ. ಅಲ್ಲಿ ಪೆನ್ಸಿಲ್ ಗುರುತು. ಹೀಗೆ 6.0, 7.0, 7.4, 9.5 ಹಾಕಿಕೊಂಡರೆ ಮಕ್ಕಳು ತಾವೇ ಹುಡುಕಿಕೊಳ್ಳುತ್ತಾರೆ.

ಜೂನ್ ಬರುವ ಮೊದಲು ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ ರೋಸಿನ್ ತೆಗೆಯಿರಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅದು ಸಿಗುತ್ತದೆ. ಒಣಗಿದ ಮೇಲೆ ತಾಮ್ರದ ಬದಿಗೆ ತೆಳುವಾಗಿ ವಾರ್ನಿಶ್. ಪಾಟ್ ಮತ್ತು ಗ್ಯಾಂಗಿಗೆ ತಾಗಿಸಬೇಡಿ. ಮಲೆನಾಡಿನ ಮಳೆಯಲ್ಲಿ ರೋಸಿನ್ ಉಳಿದ ಬೋರ್ಡಿಗೆ ಬೂಷ್ಟು ಹಿಡಿದು, 1 ಮೆಗಓಮ್ ಇರುವ ಗೇಟಿನ ಸುತ್ತ ಸೋರಿಕೆಯಾಗಿ ಸೆಟ್ ಮಂಕಾಗುತ್ತದೆ.

ಇದಕ್ಕೆ ಲೈಸೆನ್ಸ್ ಬೇಕೇ? ಬಿಸಿ547 ತೆಗೆದು ಏರಿಯಲನ್ನು ನೇರ ಕಾಯಿಲ್‌ಗೆ ಕೊಟ್ಟರೆ ದನಿ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ.
*– ಓದುಗರು, ಕಾರವಾರ*

ರೇಡಿಯೊ ಕೇಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟುವ ಪದ್ಧತಿ 1980ರ ದಶಕದಲ್ಲೇ ಹೋಯಿತು. ಪ್ರಸಾರ ಮಾಡಲು ಮಾತ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲ್ಯಾನಿಂಗ್ ವಿಭಾಗ ನಡೆಸುವ ಪರೀಕ್ಷೆ ಪಾಸಾಗಿ ಹ್ಯಾಮ್ ಲೈಸೆನ್ಸ್ ಪಡೆಯಬೇಕು.

ಬಿಸಿ547 ತೆಗೆಯಬೇಡಿ. ಅದು ಹೆಚ್ಚಿಸುವ ದನಿ ಅಷ್ಟಕ್ಕಷ್ಟೇ, ಇರುವುದು ಬೇರೆ ಕೆಲಸಕ್ಕೆ. ಗಡಿ ದಾಟಿದ ಡಿಟೆಕ್ಟರ್ ಸ್ವತಃ ಪುಟ್ಟ ಟ್ರಾನ್ಸ್‌ಮಿಟರ್. ಬಿಸಿ547 ಇಲ್ಲದಿದ್ದರೆ ಆ ಆಂದೋಲನ ನೇರ ಏರಿಯಲಿಗೆ ಹೋಗಿ ನೆರೆಮನೆಯವರ ರೇಡಿಯೊದಲ್ಲಿ ಸೀಟಿಯಾಗಿ ಕೇಳಿಸುತ್ತದೆ. ಜೊತೆಗೆ ಗಾಳಿಗೆ ಏರಿಯಲ್ ತೂಗಿದಾಗಲೆಲ್ಲ ಸ್ಟೇಷನ್ ಅತ್ತಿತ್ತ ಜಾರುತ್ತದೆ. ದನಿ ಸಾಲದಿದ್ದರೆ ಎಲ್‌ಎಂ386ರ 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಹಾಕಿ, ಪ್ಲಸ್ ತುದಿ 1ನೇ ಕಾಲಿಗೆ. ವರ್ಧನೆ 20ರಿಂದ 200ಕ್ಕೆ ಏರುತ್ತದೆ.